ಎಷ್ಟು ಬರೆಯಬೇಕು, ಎಷ್ಟು ಬಿಡಬೇಕು?

ಕಳೆದ ಯುಗಾದಿಯ ಸಂತೋಷಕೂಟದಲ್ಲಿ ಬಿಸಿಬೇಳೆಭಾತಿನ ಎರಡನೆಯ ಸುತ್ತು ನಡೆಯುತ್ತಿದ್ದಾಗ, ಮೈಸೂರಿನ ಕಡೆಯ ಸೋದರಿಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ನೋಯ್ಡಾಕ್ಕೆ ಬಂದು ಅವರಿಗೆ ಇನ್ನೂ ವರ್ಷ ತುಂಬಿಲ್ಲ.

"ಅಲ್ಲಾ ಸಾರ್, ನೀವೂ ನಮ್ಮೋರ ಕೆಲಸದಲ್ಲೇ ಇರೋರಂತೆ. ರಾತ್ರಿ ಎರಡು ಗಂಟೆಗೆ ಫೋನು ಬಡ್ಕೊಳ್ಳುತ್ತೆ. ಇವರು ಧಡಕ್ಕನೆ ಎದ್ದು ಕೂತ್ಕೊಂಡು, ಲಾಗ್ ನೋಡ್ಬೇಕು, ಲೆವೆಲ್ ಏರಿಸ್ಬೇಕು ಅಂತಾರೆ. ಏನು ಲಾಗು, ಎಂಥ ಲೆವೆಲ್ಲು ಅಂತ ಕೇಳಿದ್ರೆ, ನಿನಗೆ ಅರ್ಥವಾಗೊಲ್ಲ ಬಿಡು ಅಂತಾರೆ. ಅಷ್ಟು ಅರ್ಥವಾಗದೇ ಇರೋದು ಏನಿದೆ ಸಾರ್ ಅದರಲ್ಲಿ?"

ಆ ಯಜಮಾನರು ಪಕ್ಕದಲ್ಲೇ ನಿಂತು ಬಹಳ ಶ್ರದ್ಧೆಯಿಂದ ಹಪ್ಪಳ ಮುರಿಯುತ್ತಿದ್ದರು. ನಮ್ಮ ಕಡೆ ನೋಡಲಿಲ್ಲ. ನಾವೂ ಆ ಹೊತ್ತಿಗೆ ಏನೋ ಒಂದು ಹಾರಿಕೆಯ ಉತ್ತರ ಕೊಟ್ಟು ಪಾರಾದೆವು. ಆದರೆ ಮನೆಗೆ ಬಂದಮೇಲೆ ಮನಸ್ಸಿಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷ ಒಂದು ಕಸುಬನ್ನು ಮಾಡಿದವನು ಅದನ್ನು ತನ್ನ ಭಾಷೆಯಲ್ಲಿ ಹೇಳಲಾರದೆ ಹೋದರೆ, ಆ ಕಸುಬು ಅವನಿಗೆ ಬರುತ್ತದೆಂದು ನಂಬುವುದು ಹೇಗೆ? ಆದ್ದರಿಂದ ವಾಚಕ ಬಂಧುಗಳೇ, ಈ ಸಂಚಿಕೆಯ ನಮ್ಮ ಪುಟಗಳು ಆ ಸೋದರಿಯವರ ಪ್ರಶ್ನೆಗೆ ಮೀಸಲು.

ಮೊದಲು ಬ್ಯಾಕಪ್ ಎಂದರೇನೆಂದು ನೋಡೋಣ. ಇದಕ್ಕೆ ಗಣಕಯಂತ್ರದ ವಿದ್ಯೆ ಬೇಕಿಲ್ಲ. ನಮ್ಮ ಅಜ್ಜಿಯರು ಬಿತ್ತನೆಯ ಬೀಜವನ್ನು ಊಟದ ಕಾಳಿನೊಡನೆ ಬೆರೆಸುತ್ತಿದ್ದರೇ? ಬೇರೆ ಮಡಕೆಯಲ್ಲಿ ಬೂದಿ ಬೆರೆಸಿ, ಬಾಯಿ ಕಟ್ಟಿ, ಅಟ್ಟದ ಮೇಲೆ ಇಡುತ್ತಿದ್ದರು. ಮನೆಯಲ್ಲಿ ಎಷ್ಟೇ ತೊಂದರೆ ಬರಲಿ, ಆ ಮಡಕೆಗೆ ಕೈ ಹಾಕುವಂತಿರಲಿಲ್ಲ. ಕಚೇರಿಗಳ ಲೆಕ್ಕಪತ್ರ, ಆಸ್ಪತ್ರೆಗಳ ರೋಗಿಗಳ ವಿವರ, ಬ್ಯಾಂಕುಗಳ ಖಾತೆ ಇವೆಲ್ಲದರ ನಕಲನ್ನು ದಿನದಿನವೂ ಬೇರೆಡೆಗೆ ತೆಗೆದಿಡುವುದೇ ಬ್ಯಾಕಪ್. ಬಲ್ಲವರು ಇದಕ್ಕೆ 3-2-1 ಎಂಬ ಸೂತ್ರ ಹೇಳುತ್ತಾರೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳ ಮೇಲೆ, ಒಂದು ಪ್ರತಿಯಾದರೂ ಬೇರೆ ಸ್ಥಳದಲ್ಲಿ. ದೊಡ್ಡ ಸಂಸ್ಥೆಗಳಲ್ಲಿ ಸಾವಿರಾರು ಯಂತ್ರಗಳಿರುತ್ತವೆ. ಕೈಯಿಂದ ನಕಲು ತೆಗೆಯುತ್ತಾ ಕುಳಿತರೆ ಆಯುಷ್ಯ ಸಾಲದು. ಆದ್ದರಿಂದ ಇದನ್ನು ನಡೆಸುವುದಕ್ಕೆಂದೇ ದೊಡ್ಡ ದೊಡ್ಡ ತಂತ್ರಾಂಶಗಳಿವೆ.

ಅದೆಲ್ಲ ಸರಿ, ರಾತ್ರಿ ಎರಡು ಗಂಟೆಗೇ ಏಕೆ? ನಕಲು ತೆಗೆಯುವ ಕೆಲಸ ಕಚೇರಿ ಮುಚ್ಚಿದ ಮೇಲೆ ನಡೆಯಬೇಕು. 1976ರ ಏಪ್ರಿಲ್ 17ರಂದು ಹುಟ್ಟಿದ ಈ ನಮ್ಮ ನೋಯ್ಡಾ, ಹೆಸರಿನಲ್ಲೇನೋ ಓಖ್ಲಾದ ಹೊಸ ಕೈಗಾರಿಕಾ ಪ್ರದೇಶ. ಆದರೆ ಇಂದು ಇಲ್ಲಿ ಕುಳಿತವರು ನೋಡಿಕೊಳ್ಳುವ ಯಂತ್ರಗಳಲ್ಲಿ ಎಷ್ಟೋ ಪರದೇಶದವು. ಇಲ್ಲಿ ಎರಡು ಗಂಟೆಯ ನಡುರಾತ್ರಿಯಾದಾಗ ಲಂಡನ್ನಿನಲ್ಲಿ, ಚಳಿಗಾಲವಾದರೆ ಎಂಟೂವರೆ, ಬೇಸಗೆಯಾದರೆ ಒಂಬತ್ತೂವರೆ. ಅಲ್ಲಿನ ಗುಮಾಸ್ತರು ಮನೆಗೆ ಹೋಗಿ ಊಟ ಮುಗಿಸಿರುತ್ತಾರೆ. ನಕಲು ಆರಂಭವಾಗುತ್ತದೆ. ಅದು ಎಡವಿತೆಂದರೆ ಸೆಕ್ಟರು ಎಪ್ಪತ್ತೆಂಟರ ಹನ್ನೆರಡನೆಯ ಮಹಡಿಯಲ್ಲಿ ಮೈಸೂರಿನ ಸಂಸಾರವೊಂದರ ನಿದ್ದೆ ಕೆಡುತ್ತದೆ.

ಇನ್ನು ಲಾಗ್. ಈ ಪದಕ್ಕೆ ಮರದ ತುಂಡು ಎಂದರ್ಥ. ಹಿಂದೆ ಹಡಗಿನವರು ವೇಗವನ್ನು ಅಳೆಯಲು, ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ನೀರಿಗೆ ಎಸೆಯುತ್ತಿದ್ದರು. ಇಷ್ಟು ಹೊತ್ತಿನಲ್ಲಿ ಎಷ್ಟು ಗಂಟು ಕೈಬಿಟ್ಟು ಹೋಯಿತೆಂದು ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಮರದ ತುಂಡಿನ ಹೆಸರು ಪುಸ್ತಕಕ್ಕೆ ಬಂತು, ಪುಸ್ತಕದ್ದು ಗಣಕಯಂತ್ರಕ್ಕೆ ಬಂತು. ಯಂತ್ರವು ತಾನು ಮಾಡಿದ ಕೆಲಸವನ್ನೆಲ್ಲ ಗಳಿಗೆ ನಿಮಿಷ ಸಹಿತ ತಾನೇ ಬರೆದಿಡುವ ದಿನಚರಿಯೇ ಲಾಗ್.

ನಮ್ಮವರಿಗೆ ಇದು ಹೊಸದೆಂದು ಯಾರೂ ತಿಳಿಯಬಾರದು. ಅಡಿಕೆ ಮಂಡಿಗಳಲ್ಲಿ ಖಿರ್ದಿ ಬರೆಯುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಅದಕ್ಕೂ ಹಿಂದೆ, ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಸವರಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಲೆಕ್ಕಪತ್ರ ಬರೆದಿಡುತ್ತಿದ್ದರು. ಅದೇ ಕಡತ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ನಾಡಿನ ಚರಿತ್ರೆ ಬರೆಯುವವರು ಇಂದಿಗೂ ಅವನ್ನು ಬಿಚ್ಚಿ ಓದುತ್ತಾರೆ. ಬಟ್ಟೆ ಹೋಯಿತು, ಬಳಪ ಹೋಯಿತು. ಕಚೇರಿಯ ಫೈಲಿಗೆ ಕಡತವೆಂಬ ಹೆಸರು ಮಾತ್ರ ಉಳಿಯಿತು. ಎಲ್ಲವನ್ನೂ ಬರೆಯುವುದಕ್ಕೆ ಕಡತದಲ್ಲಿ ಸ್ಥಳವಿರಲಿಲ್ಲ. ಯಾವುದು ಬರೆಯತಕ್ಕದ್ದು, ಯಾವುದು ಬಿಡತಕ್ಕದ್ದು ಎಂಬ ವಿವೇಕ ಬರೆಯುವವನಿಗೆ ಇರಬೇಕಾಗಿತ್ತು. ಯಂತ್ರಕ್ಕೆ ಆ ವಿವೇಕ ಎಲ್ಲಿಂದ ಬರಬೇಕು? ಅದನ್ನು ನಾವು ಹೇಳಿಕೊಡಬೇಕು. ಹೀಗೆ ಹೇಳಿಕೊಡುವುದನ್ನೇ ಲೆವೆಲ್ ಎನ್ನುತ್ತಾರೆ. ನಾವು ಅದನ್ನು ಮಟ್ಟ ಎಂದು ಕರೆಯೋಣ.

ನಮ್ಮ ಸೊಸೈಟಿಯ ಗೇಟಿನಲ್ಲಿ ಕಾವಲುಗಾರನೊಬ್ಬ ದೊಡ್ಡ ರಿಜಿಸ್ಟರು ಇಟ್ಟುಕೊಂಡು ಕುಳಿತಿರುತ್ತಾನಷ್ಟೆ. ಅವನಿಗೆ, ಬೆಂಕಿ ಬಿದ್ದರೆ ಮಾತ್ರ ಬರೆ ಎಂದು ಹೇಳಬಹುದು. ಕಳ್ಳತನವಾದರೂ ಬರೆ ಎನ್ನಬಹುದು. ಯಾರದಾದರೂ ಬಾಗಿಲಿಗೆ ಚಿಲಕ ಹಾಕಿರದಿದ್ದರೆ ಅದನ್ನೂ ಬರೆ ಎನ್ನಬಹುದು. ಬಂದುಹೋದವರ ಹೆಸರನ್ನೆಲ್ಲ ಬರೆ ಎನ್ನಬಹುದು. ಇನ್ನೂ ಮುಂದೆ ಹೋಗಿ, ನಾಯಿ ಬೊಗಳಿದ್ದು, ಎಲೆ ಉದುರಿದ್ದು, ನಿನಗೆ ಆಕಳಿಕೆ ಬಂದದ್ದು ಒಂದನ್ನೂ ಬಿಡದೆ ಬರೆ ಎಂದೂ ಹೇಳಬಹುದು. ಒಂದೊಂದೂ ಒಂದೊಂದು ಮಟ್ಟ. ಮೊದಲನೆಯ ಅಪ್ಪಣೆಯಾದರೆ ರಿಜಿಸ್ಟರು ವರ್ಷಗಟ್ಟಲೆ ಬಾಳುತ್ತದೆ. ಆದರೆ ಕಳ್ಳ ಹೊಕ್ಕದ್ದು ಯಾವ ಬಾಗಿಲಿನಿಂದ ಎಂದು ಹುಡುಕಿದರೆ ಒಂದಕ್ಷರವೂ ಸಿಕ್ಕದು. ಕೊನೆಯ ಅಪ್ಪಣೆಯಾದರೆ ಬೆಳಗಾಗುವುದರೊಳಗೆ ರಿಜಿಸ್ಟರು ಮುಗಿದಿರುತ್ತದೆ, ಬರೆಯುವ ಭರದಲ್ಲಿ ಗೇಟು ತೆಗೆಯುವವರಿರುವುದಿಲ್ಲ, ಕಳ್ಳನ ಹೆಸರು ಆಕಳಿಕೆಗಳ ನಡುವೆ ಹೂತುಹೋಗಿರುತ್ತದೆ.

ಗಣಕಯಂತ್ರದವರು ಈ ಮಟ್ಟಗಳಿಗೆ ಅಂಕಿ ಕೊಟ್ಟಿದ್ದಾರೆ. 1980ರ ದಶಕದಲ್ಲಿ ಅಮೆರಿಕದ ಎರಿಕ್ ಆಲ್ಮನ್ ಎಂಬವರು ತಮ್ಮ ಅಂಚೆಯ ತಂತ್ರಾಂಶಕ್ಕಾಗಿ ಸಿಸ್‌ಲಾಗ್ ಎಂಬ ಪದ್ಧತಿಯನ್ನು ಮಾಡಿಕೊಂಡರು. ಅದು ಲೋಕಕ್ಕೆಲ್ಲ ಹಬ್ಬಿತು. ಅದರಲ್ಲಿ ಸೊನ್ನೆಯಿಂದ ಏಳರವರೆಗೆ ಎಂಟು ಮಟ್ಟಗಳು. ಸೊನ್ನೆಯೆಂದರೆ ಮನೆಗೆ ಬೆಂಕಿ ಬಿದ್ದಂತೆ. ಮೂರು ತಪ್ಪು, ನಾಲ್ಕು ಎಚ್ಚರಿಕೆ, ಆರು ಸಾಮಾನ್ಯ ಸಮಾಚಾರ. ಏಳು ಡೀಬಗ್, ಅಂದರೆ ದೋಷ ಹುಡುಕುವವರಿಗಾಗಿ ಎಲ್ಲವೂ.

ಬ್ಯಾಕಪ್ಪಿನ ತಂತ್ರಾಂಶಗಳು ತಮ್ಮ ತಮ್ಮ ಅಂಕಿಗಳನ್ನು ಇಟ್ಟುಕೊಂಡಿವೆ. ನೆಟ್‌ಬ್ಯಾಕಪ್ ಎಂಬುದು ಈ ಕಸುಬಿನಲ್ಲಿ ಹಳೆಯ ಹೆಸರು. ಅದರ ಹಳೆಯ ಪದ್ಧತಿಯ ದಿನಚರಿಗೆ ಸೊನ್ನೆಯಿಂದ ಐದರವರೆಗೆ ಮಟ್ಟ. ಸೊನ್ನೆಯೆಂದರೆ ಮಿತಭಾಷಿ, ಐದೆಂದರೆ ವಾಚಾಳಿ. ಅದರಲ್ಲಿ ಹೊಸಬರು ತಪ್ಪದೆ ಬೀಳುವ ಹಳ್ಳವೊಂದಿದೆ. ಆ ತಂತ್ರಾಂಶದಲ್ಲಿ ಹತ್ತಾರು ಕೆಲಸದಾಳುಗಳಿವೆ. ಒಂದೊಂದಕ್ಕೂ ದಿನಚರಿಯಿಡಲು ಬೇರೆ ಬೇರೆ ಖಾನೆ ಇರಬೇಕು. ಖಾನೆಯನ್ನು ನಾವು ಮೊದಲೇ ಮಾಡಿಟ್ಟಿರದಿದ್ದರೆ, ಮಟ್ಟವನ್ನು ಐದಕ್ಕೆ ಏರಿಸಿದರೂ ಆ ಆಳು ಒಂದು ಗೆರೆಯನ್ನೂ ಬರೆಯುವುದಿಲ್ಲ. ಪುಸ್ತಕ ಕೊಡದೆ ಬರೆ ಬರೆ ಎಂದು ಗದರಿದರೆ ಶಾನುಭೋಗನಾದರೂ ಏನು ಮಾಡಿಯಾನು?

ಇದೇ ತಂತ್ರಾಂಶದ ಇನ್ನೊಂದು ಸಂಗತಿ ನಮ್ಮಂಥ ಪರಸ್ಥಳದವರಿಗೆ ಹಿಡಿಸೀತು. 1987ರಲ್ಲಿ ಅಮೆರಿಕದ ಕ್ರೈಸ್ಲರ್ ಮೋಟಾರು ಕಂಪನಿಗಾಗಿ ಹುಟ್ಟಿದ ಇದು ಬಳಿಕ ಓಪನ್‌ವಿಷನ್ ಎಂಬ ಸಂಸ್ಥೆಯ ಕೈಸೇರಿತು. 1997ರಲ್ಲಿ ಆ ಸಂಸ್ಥೆ ವೆರಿಟಾಸ್‌ನಲ್ಲಿ ವಿಲೀನವಾಯಿತು. 2005ರಲ್ಲಿ ಅದನ್ನು ಸಿಮ್ಯಾಂಟೆಕ್ ಕೊಂಡಿತು, 2016ರಲ್ಲಿ ಮತ್ತೆ ಬೇರೆಯಾಯಿತು, 2024ರ ಡಿಸೆಂಬರಿನಲ್ಲಿ ಕೊಹೆಸಿಟಿಯ ಮನೆಗೆ ಬಂತು. ಇಷ್ಟು ಮನೆ ಬದಲಾಯಿಸಿದರೂ ಅದರ ಕಡತಗಳಿರುವ ಖಾನೆಯ ಹೆಸರು ಮಾತ್ರ ಓಪನ್‌ವಿ ಎಂದೇ ಇದೆ. ಮೂರು ತಲೆಮಾರಿನಿಂದ ಊರು ಬಿಟ್ಟವರ ಹೆಸರಿನ ಮುಂದೆ ಇನ್ನೂ ಹೊಳೆನರಸೀಪುರವೋ ಚನ್ನರಾಯಪಟ್ಟಣವೋ ಕುಳಿತಿರುವುದಿಲ್ಲವೇ, ಹಾಗೆ.

ಇಷ್ಟು ವಿದ್ಯೆ ಹೇಳಿದ ಮೇಲೆ ನಮ್ಮ ಅವಿವೇಕವನ್ನೂ ಹೇಳದಿದ್ದರೆ ನ್ಯಾಯವಾಗದು. ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ಕಚೇರಿಯಲ್ಲಿ ರಾತ್ರಿಪಾಳಿಯ ಮೇಲ್ವಿಚಾರಣೆ ನಮ್ಮದಾಗಿತ್ತು. ಕಚೇರಿಯ ಹೆಸರೂ ತಂತ್ರಾಂಶದ ಹೆಸರೂ ಇಲ್ಲಿ ಬೇಡ, ತಪ್ಪು ಅವುಗಳದ್ದಲ್ಲ. ದಿನದ ವರದಿಯಲ್ಲಿ ಪೂರ್ತಿಯಾದ ಕೆಲಸಕ್ಕೆ ಹಸಿರು ಗುರುತು, ಕೆಟ್ಟದ್ದಕ್ಕೆ ಕೆಂಪು, ಭಾಗಶಃ ಆದದ್ದಕ್ಕೆ ಹಳದಿ. ಸಂಬಳದ ಲೆಕ್ಕವಿದ್ದ ಯಂತ್ರವೊಂದಕ್ಕೆ ದಿನವೂ ಹಳದಿ ಬರುತ್ತಿತ್ತು. ಹಾಸನದ ಕಡೆಯ ಹುಡುಗನೊಬ್ಬ ಆಗತಾನೆ ಸೇರಿದ್ದ. ಒಂದು ರಾತ್ರಿ ಅವನು ನಮ್ಮ ಬಳಿಗೆ ಬಂದ.

"ಸಾರ್, ಈ ಹಳದಿ ಎರಡು ವಾರದಿಂದ ಬರ್ತಾನೇ ಇದೆ. ಏನೋ ಒಂದು ಫೈಲು ಬಿಟ್ಟುಹೋಗ್ತಿದೆ. ಯಾವುದು ಅಂತ ಲಾಗಲ್ಲಿ ಇಲ್ಲ. ಮಟ್ಟ ತಪ್ಪಿನ ಮೇಲೆ ನಿಂತಿದೆ, ಎಚ್ಚರಿಕೆಗಳನ್ನ ಬರೀತಾ ಇಲ್ಲ. ಒಂದೇ ಒಂದು ರಾತ್ರಿ ಏರಿಸಿ ನೋಡೋಣ್ವಾ?"

"ಹಳದಿ ತಾನೇ ಮಗು. ಕೆಂಪು ಬಂದಾಗ ನೋಡೋಣ ಬಿಡು. ಸುಮ್ಮನೆ ಡಿಸ್ಕು ತುಂಬಿಸ್ಬೇಡ," ಎಂದೆವು. ಎಂದು, ಚಹ ತರಿಸಿ ಕುಡಿದೆವು.

ದೀಪಾವಳಿಗೆ ಹತ್ತು ದಿನವಿರುವಾಗ ಆ ಯಂತ್ರದ ಡಿಸ್ಕು ಕೆಟ್ಟಿತು. ಹೆದರಬೇಡಿ, ನಕಲಿದೆಯಲ್ಲ ಎಂದು ನಾವು ಎಲ್ಲರಿಗೂ ಧೈರ್ಯ ಹೇಳಿ ನಕಲನ್ನು ತೆರೆದೆವು. ಎಲ್ಲವೂ ಇತ್ತು. ದಿನವೂ ಬಿಟ್ಟುಹೋಗುತ್ತಿದ್ದ ಆ ಒಂದು ಕಡತ ಮಾತ್ರ ಇರಲಿಲ್ಲ. ಅದೇ ಸಂಬಳದ ಲೆಕ್ಕದ ಮೂಲ ಕಡತ! ರಾತ್ರಿಯೆಲ್ಲ ಬೇರೆ ತಂತ್ರಾಂಶವೊಂದು ಅದನ್ನು ತೆರೆದಿಟ್ಟುಕೊಂಡಿರುತ್ತಿದ್ದುದರಿಂದ, ನಕಲು ತೆಗೆಯುವ ಆಳು ಬಾಗಿಲು ತಟ್ಟಿ ನೋಡಿ, ಬೀಗ ಹಾಕಿದೆಯೆಂದು ಮುಂದಕ್ಕೆ ಹೋಗುತ್ತಿತ್ತು. ಅದನ್ನು ಹೇಳಲು ಅದಕ್ಕೆ ಅಪ್ಪಣೆಯಿರಲಿಲ್ಲ. ಬಾಯಿ ಮುಚ್ಚಿಸಿದ್ದವರು ನಾವು.

ದೊಡ್ಡ ಸಂಬಳದವರ ಲೆಕ್ಕ ಬೇರೆಡೆ ಸಿಕ್ಕಿತು. ಸಿಕ್ಕದೆ ಹೋದದ್ದು ದಿನಗೂಲಿಯವರ, ಗುತ್ತಿಗೆಯವರ ಹಾಜರಿ: ಕಸ ಗುಡಿಸುವವರು, ಕ್ಯಾಂಟೀನಿನ ಹುಡುಗರು, ಕಾವಲುಗಾರರು. ಕಾಗದದ ಚೀಟಿಗಳನ್ನು ಹುಡುಕಿ ಹುಡುಕಿ ಲೆಕ್ಕ ಮತ್ತೆ ಕಟ್ಟುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಬುಂದೇಲಖಂಡದ ಕಡೆಯ ಮುದುಕನೊಬ್ಬ ರಾತ್ರಿಯ ಗೇಟು ಕಾಯುತ್ತಿದ್ದ. ದಿನವೂ ನಮ್ಮ ಕಾರಿಗೆ ಸಲಾಮು ಮಾಡುತ್ತಿದ್ದವನು ಆ ವಾರ ಹತ್ತಿರ ಬಂದು, "ಸಾಬ್, ಪೈಸಾ ಕಬ್ ಆಯೇಗಾ? ಘರ್ ಭೇಜ್‌ನಾ ಥಾ," ಎಂದು ಮೆಲ್ಲಗೆ ಕೇಳಿದ. ನಮ್ಮ ಮಕ್ಕಳ ಪಟಾಕಿಯ ಪೊಟ್ಟಣ ಹಿಂದಿನ ಸೀಟಿನಲ್ಲಿತ್ತು. ಏನು ಉತ್ತರ ಹೇಳಿದೆವೆಂಬುದು ಈಗ ನೆನಪಿಲ್ಲ. ಅವನ ಮುಖ ನೆನಪಿದೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಮನುಷ್ಯರ ಸ್ವಭಾವ. ನಾವೂ ಹಾಕಿದೆವು. ಎಲ್ಲ ಯಂತ್ರಗಳ ಮಟ್ಟವನ್ನೂ ತುತ್ತತುದಿಗೆ ಏರಿಸಿ, ಇನ್ನು ಒಂದು ಸೊಳ್ಳೆ ಹಾರಿದರೂ ನಮಗೆ ತಿಳಿಯುತ್ತದೆಂದು ಬೀಗಿದೆವು. ಆರನೆಯ ದಿನ ಎಲ್ಲ ನಕಲುಗಳೂ ಒಟ್ಟಿಗೆ ನಿಂತವು. ದಿನಚರಿಯ ಭಾರಕ್ಕೆ ಡಿಸ್ಕು ತುಂಬಿ, ನಕಲಿನ ವಿವರ ಬರೆದುಕೊಳ್ಳಲು ಸ್ಥಳವೇ ಇರಲಿಲ್ಲ! ಹಾಸನದ ಹುಡುಗ ಏನೂ ಹೇಳಲಿಲ್ಲ. ಸುಮ್ಮನೆ ನಮ್ಮ ಮುಂದೆ ಚಹದ ಲೋಟ ಇಟ್ಟು ಹೋದ.

ಆಮೇಲೆ ನಾವು ಕಲಿತದ್ದನ್ನು ಈ ಕಸುಬಿನ ತರುಣ ತರುಣಿಯರಿಗಾಗಿ ಚಿಕ್ಕದಾಗಿ ಹೇಳುತ್ತೇವೆ. ಸಾಧಾರಣ ದಿನಗಳಲ್ಲಿ ಎಚ್ಚರಿಕೆಗಳು ತಪ್ಪದೆ ಕಾಣುವಷ್ಟು ಮಟ್ಟವಿರಲಿ. ಅದಕ್ಕಿಂತ ಕೆಳಗೆ ಎಂದೂ ಇಳಿಸಬೇಡಿ. ದೋಷ ಕಂಡಾಗ ಎಲ್ಲ ಕಡೆ ಏರಿಸಬೇಡಿ. ಯಾವ ಯಂತ್ರದ ಯಾವ ಆಳಿನ ಮೇಲೆ ಅನುಮಾನವೋ ಅದಕ್ಕೊಂದಕ್ಕೇ ಏರಿಸಿ. ಏರಿಸುವ ಮುನ್ನ ಡಿಸ್ಕಿನಲ್ಲಿ ಸ್ಥಳವೆಷ್ಟಿದೆ ನೋಡಿ. ದೋಷ ಮತ್ತೊಮ್ಮೆ ಕಾಣಿಸಿಕೊಳ್ಳುವಂತೆ ಆ ಕೆಲಸವನ್ನು ನಡೆಸಿ, ದಿನಚರಿಯನ್ನು ಬೇರೆಡೆಗೆ ತೆಗೆದುಕೊಂಡು, ಒಡನೆಯೇ ಮಟ್ಟ ಇಳಿಸಿ. ಏರಿಸಿದವರು ಯಾರು, ಯಾವಾಗ, ಇಳಿಸಬೇಕಾದ್ದು ಎಂದು ಎಂಬುದನ್ನು ಎಲ್ಲರಿಗೂ ಕಾಣುವ ಕಡೆ ಬರೆದಿಡಿ. ದಿನಚರಿಗೆ ಬೇರೆ ಡಿಸ್ಕು ಕೊಡಿ. ಹಳೆಯದು ಗಡುವು ಮುಗಿದೊಡನೆ ತಾನಾಗಿ ಹೋಗುವಂತೆ ಏರ್ಪಾಡು ಮಾಡಿ. ಎಲ್ಲಕ್ಕಿಂತ ಮಿಗಿಲಾಗಿ, ಹಸಿರು ಗುರುತನ್ನು ನಂಬಿ ಕೂಡಬೇಡಿ. ಆಗಾಗ್ಗೆ ನಕಲಿನಿಂದ ಒಂದು ಕಡತವನ್ನು ನಿಜವಾಗಿ ಹೊರತೆಗೆದು ಓದಿ ನೋಡಿ.

ಗಡುವಿನ ವಿಚಾರಕ್ಕೆ ಈಗ ಸರ್ಕಾರದ ಅಪ್ಪಣೆಯೂ ಇದೆ. 2022ರ ಏಪ್ರಿಲ್ 28ರಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ ಹೊರಡಿಸಿದ ನಿರ್ದೇಶನದಂತೆ, ಸಂಸ್ಥೆಗಳು ತಮ್ಮ ಯಂತ್ರಗಳ ದಿನಚರಿಯನ್ನು 180 ದಿನಗಳಷ್ಟು ಜೋಪಾನವಾಗಿ ಇಡಬೇಕು. ಕನ್ನ ಹಾಕುವಂಥ ಪ್ರಕರಣಗಳನ್ನು ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕು. ಆದ್ದರಿಂದ ಡಿಸ್ಕು ತುಂಬಿತೆಂದು ಕಂಡದ್ದನ್ನೆಲ್ಲ ಅಳಿಸುವಂತೆಯೂ ಇಲ್ಲ.

ಎಲ್ಲವನ್ನೂ ಬರೆಯುವುದರಲ್ಲಿ ಬೇರೊಂದು ಅಪಾಯವೂ ಇದೆ. 2018ರ ಮೇ ತಿಂಗಳಲ್ಲಿ ಟ್ವಿಟರ್ ಸಂಸ್ಥೆಯವರು ತಮ್ಮ ಸುಮಾರು 33 ಕೋಟಿ ಬಳಕೆದಾರರಿಗೆ ಗುಪ್ತಪದ ಬದಲಾಯಿಸಿಕೊಳ್ಳಿ ಎಂದು ಹೇಳಬೇಕಾಯಿತು. ಗುಪ್ತಪದಗಳನ್ನು ಗುರುತು ಸಿಗದಂತೆ ಮಾರ್ಪಡಿಸಿ ಇಡುವ ಮೊದಲೇ, ಅವರ ಯಂತ್ರವು ಅವನ್ನು ಇದ್ದದ್ದು ಇದ್ದಂತೆ ಒಳಗಿನ ದಿನಚರಿಯಲ್ಲಿ ಬರೆದುಬಿಟ್ಟಿತ್ತು. ಕಂಡದ್ದನ್ನೆಲ್ಲ ಬರೆಯುವ ಕಾವಲುಗಾರ, ತಿಜೋರಿಯ ಬೀಗದ ಗುಟ್ಟನ್ನೂ ರಿಜಿಸ್ಟರಿನಲ್ಲಿ ಬರೆದಿಟ್ಟಂತೆ.

ನಮ್ಮೊಬ್ಬರಿಗೇ ಹೀಗಾಯಿತೆಂದು ಬಹಳ ದಿನ ಕೊರಗಿದ್ದೆವು. ಆಮೇಲೆ ನೋಡಿದರೆ ದೊಡ್ಡವರೂ ಜಾರಿದ್ದಾರೆ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ದಣಿದಿದ್ದ ತಂತ್ರಜ್ಞರೊಬ್ಬರು, ಒಂದು ಯಂತ್ರವೆಂದು ತಿಳಿದು ಮತ್ತೊಂದರ ದತ್ತಾಂಶವನ್ನು ಅಳಿಸಿದರು. ದಿನದಿನವೂ ತೆಗೆಯುವ ನಕಲು ಎಲ್ಲಿ ಎಂದು ಹುಡುಕಿದರೆ ಪೆಟ್ಟಿಗೆ ಖಾಲಿ! ನಕಲು ತೆಗೆಯುವ ಸಲಕರಣೆಯ ಆವೃತ್ತಿ ಹಳೆಯದಾಗಿದ್ದುದರಿಂದ ಅದು ದಿನವೂ ಸೋಲುತ್ತಿತ್ತು. ಸೋತೆನೆಂದು ಪಾಪ ದಿನವೂ ಕಾಗದವನ್ನೂ ಬರೆಯುತ್ತಿತ್ತು. ಆದರೆ ಕಾಗದಕ್ಕೆ ಸರಿಯಾದ ಮುದ್ರೆಯಿಲ್ಲವೆಂದು ಅಂಚೆಯ ಯಂತ್ರ ಅದನ್ನು ಒಳಗೇ ಬಿಡುತ್ತಿರಲಿಲ್ಲ. ಯಾರೋ ಆರು ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕಾಗಿ ತೆಗೆದಿದ್ದ ಪ್ರತಿಯೊಂದು ಉಳಿದಿದ್ದರಿಂದ ಮಾನ ಉಳಿಯಿತು. ಆ ಆರು ಗಂಟೆಗಳ ಕೆಲಸ ಮಾತ್ರ ಹೋಯಿತು. ಸಂಸ್ಥೆಯವರು ಇದನ್ನೆಲ್ಲ ಮುಚ್ಚಿಡದೆ ತಾವೇ ಬಹಿರಂಗಪಡಿಸಿದರು. ಅದು ಅವರ ದೊಡ್ಡತನ.

ಮಕ್ಕಳು ನೋಡುವ ಟಾಯ್ ಸ್ಟೋರಿ ಎರಡನೆಯ ಚಿತ್ರದ ಕಥೆಯೂ ಇಂಥದೇ. 1998ರಲ್ಲಿ ಚಿತ್ರ ತಯಾರಾಗುತ್ತಿದ್ದಾಗ ಯಾರದೋ ಕೈತಪ್ಪಿನಿಂದ ಬಹುಭಾಗ ಅಳಿಸಿಹೋಯಿತು. ನಕಲು ನೋಡಿದರೆ, ಅದು ತಿಂಗಳಿಂದ ಸರಿಯಾಗಿ ಆಗುತ್ತಲೇ ಇರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಗೇಲಿನ್ ಸಸ್‌ಮನ್ ಎಂಬ ಹೆಣ್ಣುಮಗಳು ಆಗ ಹಸುಗೂಸಿನ ತಾಯಿ. ಮನೆಯಿಂದಲೇ ಕೆಲಸ ಮಾಡಲೆಂದು ಚಿತ್ರದ ಪ್ರತಿಯೊಂದನ್ನು ಮನೆಯ ಯಂತ್ರದಲ್ಲಿ ಇಟ್ಟುಕೊಂಡಿದ್ದರು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕೂಸನ್ನು ತರುವಷ್ಟೇ ಜೋಪಾನವಾಗಿ ಕಾರಿನಲ್ಲಿ ತಂದರಂತೆ. ಮರುವರ್ಷ ಚಿತ್ರ ತೆರೆಕಂಡಿತು.

ಇಲ್ಲಿಗೆ ಲೇಖನ ಮುಗಿಸಬಹುದಾಗಿತ್ತು. ಆದರೆ ಇದನ್ನು ಬರೆಯುತ್ತಿರುವಾಗ ನಮ್ಮ ಮನೆಯವರು ಹಿಂದಿನಿಂದ ಓದಿ, "ಯಂತ್ರದ್ದೆಲ್ಲ ಬರೆದಿರಿ. ಅಮ್ಮನ ವಿಷಯ ಬರೆಯಲಿಲ್ಲವಲ್ಲ," ಎಂದರು. ಅವರೆಂದುದು ನಿಜ.

ನಮ್ಮ ತಾಯಿಯವರು ಶಿವಮೊಗ್ಗ ಜಿಲ್ಲೆಯ ಹಳ್ಳಿಯಲ್ಲಿದ್ದಾರೆ. ಎಂಬತ್ತರ ಹತ್ತಿರದ ವಯಸ್ಸು. ಇಲ್ಲಿಗೆ ಬನ್ನಿ ಎಂದರೆ, ನಿಮ್ಮ ದೆಹಲಿ ಚಳಿ ನನಗೆ ಬೇಡ ಎನ್ನುತ್ತಾರೆ. ಪ್ರತಿ ಭಾನುವಾರ ಬೆಳಿಗ್ಗೆ ನಾವು ಫೋನು ಮಾಡುವುದು ವಾಡಿಕೆ. "ಹೇಗಿದ್ದೀರಮ್ಮ?" "ಆರಾಮಿದೀನಿ ಮಗಾ. ನೀವು?" "ನಾವೂ ಚೆನ್ನಾಗಿದೀವಿ." ಇಷ್ಟು. ವರ್ಷಗಟ್ಟಲೆ ಹಸಿರು ಗುರುತು. ಎರಡು ವರ್ಷಗಳ ಹಿಂದೆ ಊರಿಗೆ ಹೋದಾಗ ಅವರು ಗೋಡೆ ಹಿಡಿದು ನಡೆಯುತ್ತಿದ್ದರು. ಬಚ್ಚಲಿನಲ್ಲಿ ಬಿದ್ದು ಏಳು ವಾರವಾಗಿತ್ತು. ಏಳು ಭಾನುವಾರವೂ ಆರಾಮೆಂದೇ ಹೇಳಿದ್ದರು. ಪಕ್ಕದ ಮನೆಯ ಸೊಸೆ, "ಅಣ್ಣಯ್ಯ, ಹೇಳ್ಬೇಡ ಅಂದಿದ್ರು," ಎಂದಳು. ಮಾತ್ರೆಯ ಡಬ್ಬಿ ತೆಗೆದು ನೋಡಿದರೆ, ರಕ್ತದೊತ್ತಡದ ಮಾತ್ರೆಗಳು ಎಣಿಕೆಗಿಂತ ಹೆಚ್ಚಾಗಿಯೇ ಉಳಿದಿದ್ದವು.

"ಯಾಕಮ್ಮ ಹೇಳಲಿಲ್ಲ?" ಎಂದರೆ, "ಅಷ್ಟು ದೂರ ಕೂತು ನೀನು ಮಾಡೋದಾದ್ರೂ ಏನಿತ್ತು? ಸುಮ್ಮನೆ ನಿದ್ದೆಗೆಡ್ತಿದ್ದೆ," ಎಂದರು.

ಮನೆಗೆ ಬೆಂಕಿ ಬಿದ್ದರೆ ಮಾತ್ರ ಹೇಳಬೇಕೆಂದು ಆಕೆ ತನ್ನ ಮಟ್ಟವನ್ನು ಸೊನ್ನೆಗೆ ಇಳಿಸಿಕೊಂಡಿದ್ದರು. ಇಳಿಸಿದ್ದು ಆಕೆಯೇ? ನಾವು ಯಾವಾಗಲೂ ಅವಸರದಲ್ಲಿ, ಒಂದು ಕಣ್ಣು ಗಡಿಯಾರದ ಮೇಲಿಟ್ಟು ಕೇಳುತ್ತಿದ್ದೆವು. ಹಾಗೆ ಕೇಳುವವರಿಗೆ ಯಾರು ತಾನೇ ಏನು ಹೇಳಿಯಾರು? ಹಾಸನದ ಹುಡುಗನಿಗೆ ಹೇಳಿದ್ದನ್ನೇ ತಾಯಿಗೂ ಹೇಳಿದ್ದೆವು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ನಾವಾದರೂ ಅವರಿಗೆ ನಿಜ ಹೇಳಿದ್ದೆವೇ? ಕೆಲಸ ಹೋಗಿ ನಾಲ್ಕು ತಿಂಗಳು ಮನೆಯಲ್ಲಿ ಕುಳಿತಿದ್ದಾಗಲೂ ಚೆನ್ನಾಗಿದ್ದೇವೆಂದೇ ಹೇಳಿದ್ದೆವು.

ಇದರ ಎದುರಿಗೆ ನಮ್ಮ ಕುಟುಂಬದ ವಾಟ್ಸಾಪ್ ಬಳಗವನ್ನು ನೋಡಿ. ಅಲ್ಲಿ ಮಟ್ಟ ತುತ್ತತುದಿಯಲ್ಲಿದೆ. ಬೆಳಗಿನ ಶುಭೋದಯದ ಗುಲಾಬಿ ಹೂವು, ಮಧ್ಯಾಹ್ನದ ನೀತಿವಾಕ್ಯ, ಸಾಯಂಕಾಲದ ಮನೆಮದ್ದು. ದಿನಕ್ಕೆ ನೂರು. ಈ ಗುಲಾಬಿಗಳ ನಡುವೆ ಚಿಕ್ಕಪ್ಪನವರನ್ನು ಆಸ್ಪತ್ರೆಗೆ ಸೇರಿಸಿದ ಒಂದು ಸಾಲು ಬಂದು ಹೋದದ್ದನ್ನು ನಾವು ಮೂರು ದಿನ ನೋಡಿರಲೇ ಇಲ್ಲ.

ಈಗ ಭಾನುವಾರದ ಮಾತು ಬದಲಾಗಿದೆ. ಹೇಗಿದ್ದೀರಿ ಎಂದು ನಾವು ಕೇಳುವುದೇ ಇಲ್ಲ. ಇವತ್ತು ಏನು ಅಡಿಗೆ, ನಿನ್ನೆ ಯಾರು ಬಂದಿದ್ದರು, ರಾತ್ರಿ ಎಷ್ಟು ಸಲ ಎದ್ದಿರಿ ಎಂದು ಕೇಳುತ್ತೇವೆ. ಡಬ್ಬಿ ತಂದು ಮಾತ್ರೆ ಎಣಿಸಿ ಹೇಳಿ ಎನ್ನುತ್ತೇವೆ. "ಏನೋ ಇದು, ಪೋಲೀಸಿನವರ ಹಾಗೆ ಕೇಳ್ತೀಯ," ಎಂದು ಮೊದಮೊದಲು ಗೊಣಗಿದರು. ಈಗ ನಾವು ಕೇಳುವುದಕ್ಕೆ ಮುಂಚೆಯೇ, "ಹದಿನೆಂಟು ಉಳಿದಿವೆ," ಎನ್ನುತ್ತಾರೆ. ಆಮೇಲೆ ಅವರ ಸರದಿ: "ಈಗ ನಿಂದು ಹೇಳು. ಕೆಲಸ ಗಟ್ಟಿಯೋ? ಸಕ್ಕರೆ ಎಷ್ಟಿತ್ತು?" ಎನ್ನುತ್ತಾರೆ. ನಾವೂ ಹೇಳಬೇಕಾಗುತ್ತದೆ. ಮೂರು ನಿಮಿಷದ ಫೋನು ಈಗ ಮುಕ್ಕಾಲು ಗಂಟೆಯಾಗುತ್ತದೆ.

ಮೈಸೂರಿನ ಸೋದರಿಯವರೇ, ನಿಮ್ಮ ಪ್ರಶ್ನೆಗೆ ಉತ್ತರ ಉದ್ದವಾಯಿತು, ಕ್ಷಮಿಸಿ. ಇನ್ನು ನಿಮ್ಮವರು ನಡುರಾತ್ರಿ ಎದ್ದು ಮಟ್ಟ ಏರಿಸಬೇಕೆಂದಾಗ, "ಯಾವ ಯಂತ್ರದ್ದು? ಮತ್ತೆ ಯಾವಾಗ ಇಳಿಸ್ತೀರಿ? ಎಲ್ಲಾದ್ರೂ ಬರೆದಿಟ್ಟಿದ್ದೀರಾ?" ಎಂದು ಕೇಳಿ. ನಿನಗೆ ಅರ್ಥವಾಗೊಲ್ಲ ಎಂದು ಅವರು ಇನ್ನೊಮ್ಮೆ ಹೇಳಲಾರರು. ಉಳಿದ ವಾಚಕರಲ್ಲಿ ನಮ್ಮದೊಂದು ವಿನಂತಿ: ಮದುವೆಯ ಪಟ, ಮಕ್ಕಳ ಪಟ, ಹಿರಿಯರ ಧ್ವನಿ, ಮನೆಯ ಪತ್ರಗಳು ಇವುಗಳ ನಕಲನ್ನು ಬೇರೊಂದು ಡಿಸ್ಕಿನಲ್ಲಿಟ್ಟು, ತಿಂಗಳಿಗೊಮ್ಮೆ ಅದರಿಂದ ಒಂದನ್ನಾದರೂ ತೆರೆದು ನೋಡಿ. ನೋಡಿದ ತಾರೀಖನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆಯಿರಿ.

ನಾಳೆ ಭಾನುವಾರ. ನಾವು ಫೋನು ಮಾಡಬೇಕು. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ನಿಮ್ಮ ಮನೆಗಳಲ್ಲಿ ಎಲ್ಲರೂ ಕ್ಷೇಮವಾಗಿರಲಿ. ಕ್ಷೇಮವಿಲ್ಲದಿದ್ದರೆ, ದಯಮಾಡಿ ಹಾಗೆಂದು ಹೇಳಿ.